ಅವರಿಗೆ ಹಚ್ಚಿದ ಕ್ರೀಮು, ನನಗೆ ಹತ್ತಿದ ಮಸಿ

ನನ್ನ ಗಂಡ ಟ್ರಾಫಿಕ್ ಪೊಲೀಸ್. ನಾಲ್ಕೂ ದಿಕ್ಕಿನ ವಾಹನಗಳನ್ನು ಒಂದೇ ಸೀಟಿಯಲ್ಲಿ ನಿಲ್ಲಿಸಬಲ್ಲ ಈ ಮಹಾಪುರುಷರನ್ನು ಕನ್ನಡಿಯ ಮುಂದೆ ಒಂದು ಗಳಿಗೆ ನಿಲ್ಲಿಸಲು ಮಾತ್ರ ನನ್ನಿಂದಾಗಿರಲಿಲ್ಲ. (ಗಡ್ಡ ಹೆರೆಯುವಾಗ ನಿಲ್ಲುತ್ತಾರೆ. ಆದರೆ ಆಗ ಕಣ್ಣು ಬ್ಲೇಡಿನ ಮೇಲಿರುತ್ತದೆ, ಮುಖದ ಮೇಲಲ್ಲ.) ನಿಂತು ನೋಡಿದ್ದರೆ ತಿಳಿಯುತ್ತಿತ್ತು. ಟೋಪಿಯ ಗೆರೆಯಿಂದ ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು. ಟೋಪಿ ತೆಗೆದರೆ ಯಾವುದೋ ಪಾತ್ರೆಗೆ ಇನ್ಯಾವುದೋ ಪಾತ್ರೆಯ ಮುಚ್ಚಳ ಹಾಕಿದ ಹಾಗೆ.

ಬಣ್ಣದ ಬಗ್ಗೆ ನನಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಎಡಗಿವಿಯ ಬಗ್ಗೆ. ಅದರ ತುದಿಯಲ್ಲಿ ಒಂದು ಒರಟು ಮಚ್ಚೆ ಎದ್ದಿತ್ತು. ಸಿಪ್ಪೆ ಏಳುತ್ತಿತ್ತು, ವಾಸಿಯಾಗುತ್ತಿರಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಸದ್ಯಕ್ಕೆ ಭಯ ಇಲ್ಲ,” ಎಂದರು. “ಆದ್ರೆ ವರ್ಷಗಟ್ಟಲೆ ಬಿಸಿಲು ಕುಡಿದಿರೋ ಚರ್ಮ ಇದು. ಹೀಗೇ ಬಿಟ್ರೆ ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು. ಮುಲಾಮು ಕೊಡ್ತೀನಿ. ದಿನಾ ಸನ್‌ಸ್ಕ್ರೀನ್ ಹಚ್ಚಿ, ಕಿವಿಗೂ ಹಚ್ಚಿ. ಆದಷ್ಟು ನೆರಳಲ್ಲಿರಿ.”

ನನ್ನವರು ನಕ್ಕರು. “ನಾನು ನೆರಳಿಗೆ ಹೋದ್ರೆ ಗಾಡಿಗಳೂ ನನ್ನ ಹಿಂದೇನೇ ಬರ್ತವೆ ಸಾರ್.”

ಮನೆಗೆ ಬಂದ ಮೇಲೆ ಮಹಾಯುದ್ಧವೇ ನಡೆಯಿತು.

“ಪೊಲೀಸ್ ಮುಖಕ್ಕೆ ಕ್ರೀಮು ಬಳ್ಕೊಂಡು ಹೋಗ್ಬೇಕಾ ನಾನು? ಸ್ಟೇಷನ್‌ನಲ್ಲಿ ಮದುಮಗಳು ಅಂತ ಹೆಸರಿಡ್ತಾರೆ.”

“ಕಿವಿ ಉದುರಿ ಹೋದ್ರೆ ಏನಂತ ಹೆಸರಿಡ್ತಾರೆ?”

“ಒಂದು ಕಿವಿ ಹೋದ್ರೆ ಒಳ್ಳೇದೇ. ನಿನ್ನ ಮಾತು ಅರ್ಧಾನೇ ಕೇಳುತ್ತೆ.”

ಮೂಲೆಯಲ್ಲಿ ಕೂತಿದ್ದ ಅತ್ತೆ ಮಗನ ಪರ ವಾದಕ್ಕಿಳಿದರು. “ಅವನು ಹುಟ್ಟಿದಾಗ್ಲೇ ಆ ಬಣ್ಣ ಇದ್ದ. ನೀನು ಮದುವೆಗೆ ಮುಂಚೆ ನೋಡ್ಕೋಬೇಕಿತ್ತು.”

ಎದುರಿನಿಂದ ಗೆಲ್ಲಲಾಗದ ಕೋಟೆಗೆ ಹಿಂಬಾಗಿಲಿನಿಂದ ನುಗ್ಗಬೇಕು. ನನ್ನವರು ಗಡ್ಡ ಹೆರೆದ ಮೇಲೆ ಉರಿ ತಣಿಯಲೆಂದು ಒಂದು ಡಬ್ಬಿಯಿಂದ ತಂಪು ಕ್ರೀಮು ತೆಗೆದು ಕೆನ್ನೆಗೆ ಹಚ್ಚಿಕೊಳ್ಳುತ್ತಾರೆ. ಕೈಯಲ್ಲಿ ಉಳಿದದ್ದನ್ನು ಹಣೆಗೂ ಕತ್ತಿಗೂ ಕಿವಿಗೂ ಒರೆಸಿಕೊಳ್ಳುತ್ತಾರೆ. (ಅದು ಕ್ರೀಮಲ್ಲವಂತೆ, ಔಷಧಿಯಂತೆ. ಗಂಡಸರ ಶಬ್ದಕೋಶವೇ ಬೇರೆ.) ಮೆಡಿಕಲ್ ಶಾಪಿನಲ್ಲಿ ವಾಸನೆಯಿಲ್ಲದ ಸನ್‌ಸ್ಕ್ರೀನ್ ಕೇಳಿ ತಂದೆ. ಅವರು ಡ್ಯೂಟಿಗೆ ಹೋದಾಗ ಆ ಡಬ್ಬಿಯನ್ನು ಬರಿದು ಮಾಡಿ ತೊಳೆದು, ಇದನ್ನು ತುಂಬಿಟ್ಟೆ. ಟ್ಯೂಬನ್ನು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಅಡಿಯಲ್ಲಿ ಬಚ್ಚಿಟ್ಟೆ. ಮರುದಿನ ಬೆಳಿಗ್ಗೆ ಅವರು ಕೆನ್ನೆ, ಹಣೆ, ಕತ್ತು, ಕಿವಿ ಎಲ್ಲಕ್ಕೂ ಸಾಂಗವಾಗಿ ಹಚ್ಚಿಕೊಂಡು ಹೊರಟಾಗ, ಬಾಗಿಲ ಮರೆಯಲ್ಲಿ ನಿಂತು ನಾನು ಅನುಭವಿಸಿದ ಆನಂದವನ್ನು ಯಾವ ಗೂಢಚಾರಿಣಿಯೂ ಅನುಭವಿಸಿರಲಾರಳು.

ಮೋಡವಿದ್ದ ದಿನಗಳು ಸುಖವಾಗಿ ಕಳೆದವು. ಆಮೇಲೆ ಬಿಸಿಲು ಏರಿತು. ನನ್ನವರು ಸಂಜೆ ಕೆಂಡದಂಥ ಕಣ್ಣು ಹೊತ್ತು ಮನೆಗೆ ಬರತೊಡಗಿದರು.

“ಏನ್ರೀ ಕಣ್ಣು?”

“ಧೂಳು.”

ಇರಬಹುದು ಎಂದುಕೊಂಡೆ. ಪರದೆ ಹೊಲಿಯುವ ಕೆಲಸ ತಲೆತನಕ ಇತ್ತು.

ಆ ವಾರ ಹಣ್ಣು ತರಲು ನಾಲ್ಕು ರಸ್ತೆ ಸೇರುವಲ್ಲಿಗೆ ಹೋದೆ. ಅಲ್ಲಿ ಹಣ್ಣಿನ ಅಂಗಡಿಯವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಕ್ಕಡಿಯನ್ನು ಕೆಳಗಿಟ್ಟಳು.

“ನೀವೇ ಅಲ್ವಾ ಆ ಪೊಲೀಸಪ್ಪನ ಹೆಂಡ್ತಿ?”

“ಹೌದು,” ಎಂದೆ, ಸ್ವಲ್ಪ ಜಂಬದಿಂದಲೇ.

“ಹೊಟ್ಟೇಲಿ ಕರುಳು ಅನ್ನೋದು ಇದ್ಯಾ ನಿಮಗೆ? ಮಧ್ಯಾಹ್ನ ಆದ್ರೆ ಸಾಕು, ಪಾಪ ಆ ಮನುಷ್ಯ ನಡುರಸ್ತೇಲಿ ನಿಂತು ಗಳಗಳ ಅಳ್ತಾನೆ. ಒಂದು ಕೈ ಗಾಡಿಗೆ, ಒಂದು ಕೈ ಕಣ್ಣಿಗೆ. ಏನಪ್ಪಾ ಅಂತ ಕೇಳಿದ್ರೆ ‘ಏನಿಲ್ಲ, ಮನೇದು’ ಅಂತಾನೆ.”

ಅವಳು ನಿಲ್ಲಿಸಲಿಲ್ಲ. ಈಗ ಯಾರೂ ಸಿಗ್ನಲ್ ಹಾರಿಸುವುದಿಲ್ಲವಂತೆ. ಆ ಕಣ್ಣೀರು ನೋಡಿ ಬಸ್ಸುಗಳು ಕೂಡ ಹಾರ್ನ್ ಮಾಡದೆ ಗೌರವದಿಂದ ಹೋಗುತ್ತವಂತೆ. ದಂಡ ಹಾಕಿದರೆ ದಿನಾ ವಾದ ಮಾಡುತ್ತಿದ್ದ ಒಬ್ಬ ವಕೀಲರು ತೆಪ್ಪಗೆ ಕಟ್ಟಿ, ಬೆನ್ನು ತಟ್ಟಿ, “ಧೈರ್ಯವಾಗಿರಿ, ಕೇಸು ಹಾಕೋದಾದ್ರೆ ನಾನಿದ್ದೀನಿ” ಎಂದರಂತೆ. ಕೇಸು ಯಾರ ಮೇಲೆ ಎಂದು ನಾನು ಕೇಳಲಿಲ್ಲ. ಕೊಳೆತ ಹಣ್ಣನ್ನೇ ಆರಿಸಿ ಕೊಟ್ಟಳು. ಅದನ್ನೂ ಕೇಳಲಿಲ್ಲ.

ದಾರಿಯುದ್ದಕ್ಕೂ ಅದೇ ಯೋಚನೆ. ಇವರಿಗೆ ನನ್ನಿಂದ ಅಂಥ ದುಃಖವೇನಿದೆ? ಮನೆಗೆ ಬಂದು, ಹಣೆಯ ಬೆವರು ಒರೆಸಿಕೊಳ್ಳುತ್ತ ಡ್ರಾಯರಿನಿಂದ ಕತ್ತರಿ ತೆಗೆಯುವಾಗ ಟ್ಯೂಬು ಕೈಗೆ ತಗುಲಿತು. ಹಿಂಬದಿಯ ಸಣ್ಣ ಅಕ್ಷರಗಳನ್ನು ಆವತ್ತು ಮೊದಲ ಬಾರಿ ಓದಿದೆ. ‘ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿ.’ ಬೆವರಿನ ಜೊತೆ ಇಳಿದು, ನನ್ನ ಗುಪ್ತ ಪ್ರೀತಿಯೆಲ್ಲ ಅವರ ಕಣ್ಣಿಗೆ ಹರಿದಿತ್ತು.

ಅವರಿಗೆ ಹೇಳಿಬಿಡಬೇಕು ಎಂದು ನಿರ್ಧರಿಸುವಷ್ಟರಲ್ಲಿ ಸ್ಟೇಷನ್‌ನಿಂದ ಫೋನು ಬಂತು. ಇನ್‌ಸ್ಪೆಕ್ಟರ್ ಮೇಡಂ ಮಾತಾಡಬೇಕಂತೆ. ಅತ್ತೆಗೆ ಅಷ್ಟರಲ್ಲಿ ಪಕ್ಕದ ಮನೆಯವರಿಂದ ಎಲ್ಲ ವರದಿಯಾಗಿತ್ತು. “ನನ್ನ ಕಣ್ಣೆದುರಿಗೇ ಇಷ್ಟು ನಡೀತಿದ್ರೂ ನಂಗೆ ಕಾಣಿಸ್ಲಿಲ್ವಲ್ಲಾ,” ಎಂದು ಅವರು ಆಘಾತದಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇನ್‌ಸ್ಪೆಕ್ಟರ್ ಮೇಡಂ ನನಗೆ ಸ್ಟೇಷನ್ನಿನಲ್ಲಿ ಕುರ್ಚಿ ತೋರಿಸಿದರು. ಪಕ್ಕದ ಕುರ್ಚಿಯಲ್ಲಿ ನನ್ನವರು, ಕಣ್ಣು ಕೆಂಪಗೆ, ಹಾಲು ಕುಡಿದ ಬೆಕ್ಕಿನಂತೆ ಕೂತಿದ್ದರು.

“ನೋಡಿಯಮ್ಮಾ,” ಎಂದರು ಮೇಡಂ, “ಗಂಡ ಹೆಂಡತಿ ಜಗಳದಲ್ಲಿ ಇಲಾಖೆ ತಲೆ ಹಾಕಬಾರದು. ಆದ್ರೆ ಯೂನಿಫಾರಮ್ಮಲ್ಲಿ ಅಳೋದು ಇಲಾಖೆಯ ಮರ್ಯಾದೆ ಪ್ರಶ್ನೆ. ನಿಜ ಹೇಳಿ, ಕೈ ಮಾಡ್ತೀರಾ?”

“ಅಯ್ಯೋ ಇಲ್ಲ ಮೇಡಂ. ಅದು ಏನಂದ್ರೆ, ಅವರ ಡಬ್ಬೀಲಿ ನಾನು—”

“ಇರಿ, ನಾನು ಹೇಳಿ ಮುಗಿಸ್ತೀನಿ. ಇವರನ್ನ ಇನ್ನು ರಸ್ತೇಲಿ ನಿಲ್ಲಿಸೋಕಾಗಲ್ಲ. ನಾಳೆಯಿಂದ ಕಂಟ್ರೋಲ್ ರೂಮು. ಒಳಗೆ ಕೂತು ಕ್ಯಾಮೆರಾ ನೋಡ್ಕೊಂಡು, ಮೈಕಲ್ಲಿ ಸೂಚನೆ ಕೊಡ್ತಿರ್ಲಿ. ತಣ್ಣಗಿರುತ್ತೆ, ಮನಸ್ಸಿಗೂ ಸಮಾಧಾನ. ಈಗ ಹೇಳಿ, ಡಬ್ಬೀಲಿ ಏನು?”

ಒಳಗೆ ಕೂತು. ಬಿಸಿಲಿಲ್ಲದೆ. ನನಗೆ ಎಡಗಿವಿಯ ತುದಿ ಮಾತ್ರ ಕಾಣುತ್ತಿತ್ತು. ನಿಜ ಹೇಳಿದರೆ ನನ್ನ ಮಾನ ಉಳಿಯುತ್ತಿತ್ತು, ಇವರು ಮತ್ತೆ ನಡುರಸ್ತೆಗೆ ಹೋಗುತ್ತಿದ್ದರು.

“ಡಬ್ಬೀಲಿ ಊಟ ಸರಿಯಾಗಿ ಹಾಕ್ತಿರ್ಲಿಲ್ಲ ಮೇಡಂ. ಸಿಟ್ಟು ಬಂದ್ರೆ ಸ್ವಲ್ಪ ಕೈಯೂ ಓಡ್ತಿತ್ತು. ತಪ್ಪಾಯ್ತು.”

ಪಕ್ಕದ ಕುರ್ಚಿಯಿಂದ ಕೆಮ್ಮು ಕೇಳಿಸಿತು. ಮೇಡಂ ದೀರ್ಘವಾಗಿ ಉಸಿರು ಬಿಟ್ಟರು. ಇನ್ನು ಮೇಲೆ ಮೆಲ್ಲಗೆ ಮಾತಾಡಬೇಕು, ದಿನಾ ಮಧ್ಯಾಹ್ನ ಬಿಸಿ ಊಟವನ್ನು ನನ್ನ ಕೈಯಾರೆ ತಂದುಕೊಡಬೇಕು ಎಂದು ಅಪ್ಪಣೆಯಾಯಿತು. ಎಲ್ಲಕ್ಕೂ ತಲೆಯಾಡಿಸಿದೆ.

ಹೊರಗೆ ಬಂದ ಮೇಲೆ ತಡೆಯಲಾಗಲಿಲ್ಲ. “ರೀ, ನಾನು ನಿಮ್ಮ ಡಬ್ಬಿಗೆ ಸನ್‌ಸ್ಕ್ರೀನ್ ತುಂಬಿಸಿದ್ದೆ.”

“ಗೊತ್ತು.”

“ಗೊತ್ತಾ? ಯಾವಾಗಿನಿಂದ?”

“ಮೊದಲ ವಾರವೇ. ಗುಂಡಿ ಹುಡುಕೋಕೆ ಡ್ರಾಯರ್ ತೆಗೆದಿದ್ದೆ.”

“ಗೊತ್ತಿದ್ದೂ ಯಾಕೆ ಹಚ್ಕೊಳ್ತಿದ್ರಿ ಮತ್ತೆ?”

ಅವರು ಎಡಗಿವಿ ಮುಟ್ಟಿಕೊಂಡರು. “ನೀನು ಅಷ್ಟು ಕಷ್ಟಪಟ್ಟು ತುಂಬಿಸಿಟ್ಟಿದ್ದೆ. ಆ ಡಾಕ್ಟರು ಹೇಳಿದ್ದಕ್ಕೆ ನಂಗೂ ಒಳಗೊಳಗೆ ಹೆದ್ರಿಕೆ ಇತ್ತು ಕಣೇ.”

ಒಂದು ಕ್ಷಣ ನನ್ನ ಮನಸ್ಸು ಬೆಣ್ಣೆಯಾಯಿತು. ಮರುಕ್ಷಣ ಹಣ್ಣಿನವಳು ನೆನಪಾದಳು. “ಹಂಗಾದ್ರೆ ಜನ ಕೇಳಿದಾಗ ಕ್ರೀಮು ಉರೀತಿದೆ ಅಂತ ಹೇಳೋದಲ್ವಾ? ‘ಮನೇದು’ ಅಂದ್ರಂತೆ.”

“ಕ್ರೀಮು ಮನೇದೇ ತಾನೆ?” ಎಂದರು. ಆಮೇಲೆ ದನಿ ತಗ್ಗಿಸಿ, “ಪೊಲೀಸಿನವನು ಮುಖಕ್ಕೆ ಕ್ರೀಮು ಹಚ್ತೀನಿ ಅಂತ ನಾಲ್ಕು ಜನರ ಮುಂದೆ ಹೇಳೋಕಾಗುತ್ತಾ? ಹೆಂಡ್ತಿ ಹೊಡೀತಾಳೆ ಅನ್ನೋದೇ ಅದಕ್ಕಿಂತ ಮರ್ಯಾದೆ,” ಎಂದರು.

(ಅತ್ತೆ ಇದ್ದಿದ್ದರೆ ಹೌದೆಂದು ಸಾಕ್ಷಿಯನ್ನೂ ಹೇಳುತ್ತಿದ್ದರು.)

ಕಿವಿಯ ಮಚ್ಚೆ ಈಗ ಮಾಯುತ್ತಿದೆ. ತಣ್ಣನೆಯ ಕೋಣೆಯಲ್ಲಿ ಕೂತು ಅವರ ಎರಡು ಬಣ್ಣಗಳೂ ಒಂದಾಗುತ್ತಿವೆ. ನಾನು ಉರಿಯುವ ನಡುಮಧ್ಯಾಹ್ನ, ಊಟದ ಡಬ್ಬಿ ಹಿಡಿದು ನಾಲ್ಕು ರಸ್ತೆ ದಾಟುತ್ತೇನೆ. ನಿನ್ನೆ ನಡುರಸ್ತೆಯಲ್ಲಿದ್ದಾಗ ಕಂಬದ ಮೇಲಿನ ಧ್ವನಿವರ್ಧಕ ಗರಗರ ಎಂದಿತು. ಪರಿಚಿತ ಕಂಠವೊಂದು ಇಡೀ ಊರಿಗೆ ಕೇಳುವಂತೆ ಹೇಳಿತು: “ಡಬ್ಬಿ ಹಿಡ್ಕೊಂಡು ಬರ್ತಿರೋ ಅಮ್ಮನವರು ಗಮನಿಸಿ. ಮೂಗು ಕೆಂಪಾಗಿದೆ. ದಯವಿಟ್ಟು ನೆರಳಿನ ಕಡೆಯಿಂದ ಬನ್ನಿ.”

ಸಿಗ್ನಲ್ಲಿನಲ್ಲಿ ನಿಂತಿದ್ದ ಎಲ್ಲ ತಲೆಗಳೂ ನನ್ನ ಮೂಗಿನತ್ತ ತಿರುಗಿದವು. ಹಣ್ಣಿನ ಅಂಗಡಿಯವಳು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು:

“ಅಷ್ಟು ಹೊಡೆಸ್ಕೊಂಡ್ರೂ ಅವಳ ಮೇಲೆ ಎಷ್ಟು ಪ್ರೀತಿ ನೋಡೇ. ದೇವರಂಥ ಮನುಷ್ಯ.”