ಅತ್ತೆಯ ಹಂಡೆ, ಅಳಿಯನ ಮೀನು

ಶನಿವಾರ ಸಂಜೆ ಶ್ರೀನಿವಾಸಪುರದಿಂದ ಆ ಕಾರ್ಡು ಬಾರದೇ ಇದ್ದಿದ್ದರೆ, ಮುಳಬಾಗಿಲು ತಾಲ್ಲೂಕು ಕಚೇರಿಯ ಗುಮಾಸ್ತ ಕದಿರಪ್ಪ ಭಾನುವಾರ ಹಾಯಾಗಿ ಎಂಟು ಗಂಟೆಯವರೆಗೆ ಮಲಗಿರುತ್ತಿದ್ದ. ಕಾರ್ಡಿನಲ್ಲಿದ್ದದ್ದು ಮೂರೇ ಸಾಲು. "ಚಿ. ಸೌ. ಅನಸೂಯಳಿಗೆ ತಾಯಿಯ ಆಶೀರ್ವಾದ. ನಿನ್ನ ಕಾಗದ ಓದಿಸಿಕೊಂಡೆ, ಹಂಡೆಯ ವಿಷಯ ತಿಳಿಯಿತು. ಭಾನುವಾರ ನಾಲ್ಕೂವರೆ ಬಸ್ಸಿಗೆ ನಾನೇ ಬರುತ್ತೇನೆ."

ಕದಿರಪ್ಪ ಅದನ್ನು ಮೂರು ಸಲ ಓದಿದ. ಮೂರನೇ ಸಲಕ್ಕೆ ಕಾರ್ಡು ಹಿಡಿದೇ ಅಡುಗೆಮನೆಗೆ ಹೋದ.

"ಹಂಡೆ ವಿಷಯ ನಿಮ್ಮಮ್ಮನಿಗೆ ಬರೆದ್ಯಾ?"

"ಬರೆದೆ," ಎಂದಳು ಹೆಂಡತಿ ಅನಸೂಯಮ್ಮ, ಕೈಯಲ್ಲಿದ್ದ ಸೊಪ್ಪಿನಿಂದ ತಲೆ ಎತ್ತದೆ. "ಹಂಡೇಲಿ ಮೀನವೆ, ಒಂದು ತಿಂಗಳಿಂದ ಸ್ನಾನಕ್ಕೆ ಸೀಮೆಎಣ್ಣೆ ಡಬ್ಬದಲ್ಲಿ ನೀರು ಕಾಯಿಸ್ತಿದ್ದೀನಿ ಅಂತ ಬರೆದೆ. ಸುಳ್ಳೇನ್ರೀ?"

ಸುಳ್ಳಲ್ಲ. ಅದು ಮದುವೆಯಲ್ಲಿ ಅತ್ತೆ ಭಾರತಮ್ಮ ಕೊಟ್ಟ ತಾಮ್ರದ ಹಂಡೆ. ಒಳಗೆಲ್ಲ ಬೆಳ್ಳಗೆ ಕಲಾಯಿ. ಮಗಳನ್ನು ಒಪ್ಪಿಸಿಕೊಡುವಾಗ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು ಹಂಡೆಯನ್ನು ಬಸ್ಸಿನ ಮೇಲೆ ಹಾಕುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಅಂಥ ಹಂಡೆಯಲ್ಲಿ ಈಗ ಎರಡು ಕೆಂಪು ಮೀನು ಓಡಾಡುತ್ತಿದ್ದವು.

ಆದದ್ದಿಷ್ಟು. ತಿಂಗಳ ಹಿಂದೆ ಹಲ್ಲು ಕೀಳಿಸಲು ಬೆಂಗಳೂರಿಗೆ ಹೋದ ಕದಿರಪ್ಪ ಡಾಕ್ಟರ ಕೋಣೆಯಲ್ಲಿ ಗಾಜಿನ ತೊಟ್ಟಿ ನೋಡಿದ. ಅದರೊಳಗೆ ಮೀನು ಬಾಲ ಬೀಸುವುದನ್ನು ನೋಡುತ್ತಾ ಹಲ್ಲುನೋವೇ ಮರೆತುಹೋಯಿತಂತೆ. ಹಲ್ಲನ್ನು ಬಾಯಲ್ಲೇ ಉಳಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೀನು ಹಿಡಿದು ರಾತ್ರಿ ಬಸ್ಸಿಗೆ ಬಂದಿಳಿದ. "ತೊಟ್ಟಿ ನಾನೇ ಮಾಡ್ತೀನಿ, ನಾಲ್ಕು ದಿನ ಹಂಡೇಲಿರ್ಲಿ," ಎಂದ. ನಾಲ್ಕು ದಿನ ಮೂವತ್ತಾಯಿತು.

ನಗಬೇಡಿ. ಕಚೇರಿಯಲ್ಲಿ ಅವನು ಕರೆದರೆ ಜವಾನನೂ ತಿರುಗಿ ನೋಡುವುದಿಲ್ಲ. ಆದರೆ ಹಂಡೆಯ ಅಂಚನ್ನು ಎರಡು ಸಲ ತಟ್ಟಿದರೆ ಆ ಎರಡೂ ಮೀನು ಮೇಲೆ ಬರುತ್ತಿದ್ದವು. ಇಡೀ ತಾಲ್ಲೂಕಿನಲ್ಲಿ ಕದಿರಪ್ಪ ಕರೆದರೆ ಬರುವ ಜೀವಗಳು ಅವೆರಡೇ. ಅವನಿಗೆ ಅವುಗಳ ಮೇಲೆ ಪ್ರಾಣ.

"ಕೇಳಿಸ್ಕೊಳ್ಳಿ," ಎಂದಳು ಅನಸೂಯಮ್ಮ. "ನಾಳೆ ಅಮ್ಮ ಬರೋ ಹೊತ್ತಿಗೆ ಹಂಡೆ ಒಲೆ ಮೇಲಿರ್ಬೇಕು, ನೀರು ಕಾದಿರ್ಬೇಕು. ಇಲ್ದಿದ್ರೆ ಎರಡನ್ನೂ ತಗೊಂಡ್ಹೋಗಿ ಬೈರಮ್ಮನ ಬಾವಿಗೆ ಬಿಟ್ಬಿಡ್ತೀನಿ."

ಬೈರಮ್ಮ ಎದುರುಮನೆಯ ಮುದುಕಿ. ಅವಳ ಬಾವಿಯಲ್ಲಿ ಊಟದ ತಟ್ಟೆಯಷ್ಟಗಲದ ಆಮೆಯೊಂದಿತ್ತು. ಕದಿರಪ್ಪನಿಗೆ ಆ ರಾತ್ರಿಯೆಲ್ಲ ಆಮೆಯದೇ ಕನಸು.

ಬೆಳಗ್ಗೆ ಆರಕ್ಕೇ ಬಾಗಿಲು ಹಾಕಿಕೊಂಡು ಕೂತ. ಸಾಮಾನೆಲ್ಲ ಮೊದಲೇ ಕೂಡಿಹಾಕಿದ್ದ. ಬಜಾರಿನಲ್ಲಿ ಬೋರ್ಡು, ನಂಬರ್ ಪ್ಲೇಟು ಬರೆಯುವ ರಹಮತ್ತುಲ್ಲಾ ಒಂದು ದೊಡ್ಡ ಅಕ್ರಿಲಿಕ್ ಹಾಳೆಯನ್ನು ಕತ್ತರಿಸಿ ಕೊಟ್ಟಿದ್ದ. ಗಾಜಿನಂತೆಯೇ ಆಚೆಬದಿ ಕಾಣುವ ದಪ್ಪ ಪ್ಲಾಸ್ಟಿಕ್ಕು. ಯಾವುದೋ ಹೋಟೆಲಿನವರು ಬೋರ್ಡಿಗೆಂದು ಹೇಳಿ, ಬೋರ್ಡು ಒಯ್ಯುವ ಮೊದಲೇ ಹೋಟೆಲನ್ನು ಮುಚ್ಚಿದ್ದರು. ಒಂದು ತುಂಡಿನ ಮೇಲೆ 'ಊಟ ಸಿದ್ಧವಿದೆ' ಎಂದು ಕೊರೆದಿತ್ತು. ಬಣ್ಣ ಉಜ್ಜಿ ತೆಗೆದರೂ ಗೀರು ಹೋಗಿರಲಿಲ್ಲ. "ನೀರು ತುಂಬಿದ್ರೆ ಕಾಣಲ್ಲ ಸಾಬ್, ಫಿಕರ್ ಮಾಡ್ಬೇಡಿ," ಎಂದಿದ್ದ ರಹಮತ್ತುಲ್ಲಾ.

ತುಂಡುಗಳನ್ನು ಜೋಡಿಸಿ, ಸಂದಿಗೆ ಇಂಜೆಕ್ಷನ್ ಸಿರಿಂಜಿನಲ್ಲಿ ಕ್ಲೋರೋಫಾರ್ಮ್ ಬಿಡಬೇಕು. ಪ್ಲಾಸ್ಟಿಕ್ಕು ತಾನೇ ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಅಕ್ಕಪಕ್ಕದವರು ಇಣುಕುತ್ತಾರೆಂದು ಕದಿರಪ್ಪ ಕಿಟಕಿಯನ್ನೂ ಹಾಕಿದ್ದ. ಮೂರು ಸಂದಿಗೆ ಬಿಡುವಷ್ಟರಲ್ಲಿ ತಲೆ ಹಗುರವಾಯಿತು. ಐದನೆಯದಕ್ಕೆ ತಾನು ತಹಸೀಲ್ದಾರನಾದಂತೆ ಅನಿಸಿತು. ಆಮೇಲೆ ಅನಸೂಯಮ್ಮ ಬಾಗಿಲು ಬಡಿದದ್ದೇ ಗೊತ್ತು. ಎದ್ದಾಗ ಕೆನ್ನೆ ನೆಲದ ಮೇಲಿತ್ತು, ಸಿರಿಂಜು ಕೈಯಲ್ಲಿತ್ತು. ಎಲ್ಲ ಮೂಲೆಗೂ ಬಿಟ್ಟೆನೋ ಇಲ್ಲವೋ ನೆನಪಿರಲಿಲ್ಲ. ಬಿಟ್ಟಿರುತ್ತೇನೆ ಅಂದುಕೊಂಡ.

ಹತ್ತು ಗಂಟೆಗೆ ಬೈರಮ್ಮನ ಬಾವಿಯಿಂದ ಎಂಟು ಬಿಂದಿಗೆ ನೀರು ಬಂತು. ನೀರಿನ ಹಿಂದೆಯೇ ಬೈರಮ್ಮನೂ ಬಂದಳು. ಅವಳ ಹಿಂದೆ ಪಕ್ಕದ ಮನೆಯ ಚನ್ನರಾಯಪ್ಪನೂ ಬಂದ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ರಿಟೈರಾದವನು, ಭಾರಿ ಆಳು, ಬೇರೆಯವರ ಮನೆಯಲ್ಲಿ ಏನು ಕೆಟ್ಟರೂ ಸರಿಮಾಡಲು ತುದಿಗಾಲಲ್ಲಿ ನಿಂತಿರುವವನು.

ತೊಟ್ಟಿ ತುಂಬಿತು. ಕಾಣುವುದಿಲ್ಲ ಅಂದಿದ್ದ ಅಕ್ಷರ ನೀರು ಬಿದ್ದದ್ದೇ ಥಳಥಳ ಹೊಳೆಯಿತು. "ಊಟ ಸಿದ್ಧವಿದೆ," ಎಂದು ಚನ್ನರಾಯಪ್ಪ ಎಲ್ಲರಿಗೂ ಕೇಳುವ ಹಾಗೆ ಓದಿದ. "ಏನಯ್ಯ ಇದು, ಮೆಸ್ಸಾ?"

ಕದಿರಪ್ಪ ಉತ್ತರ ಹೇಳುವ ಮೊದಲೇ ಒಂದು ಮೂಲೆಯಿಂದ ಸಣ್ಣ ಧಾರೆ ಚಿಮ್ಮಿತು. ಗೋಡೆಯುದ್ದಕ್ಕೂ ಹರಿದು ದೇವರ ಗೂಡಿನ ಕೆಳಗಿದ್ದ ರಾಗಿಹಿಟ್ಟಿನ ಡಬ್ಬವನ್ನು ಮುಟ್ಟಿತು.

"ರೀ! ಹಿಟ್ಟು! ಹಿಟ್ಟು!"

"ಯಾರೂ ಗಾಬ್ರಿಯಾಗ್ಬೇಡಿ!" ಚನ್ನರಾಯಪ್ಪ ಪಂಚೆ ಎತ್ತಿ ಕಟ್ಟಿದ. "ಘಾಟೀಲಿ ಡೀಸೆಲ್ ಟ್ಯಾಂಕು ತೂತು ಬಿದ್ರೆ ನಾವೇನ್ ಮಾಡ್ತಿದ್ವಿ ಗೊತ್ತಾ? ಸೋಪು! ಅನಸೂಯಮ್ಮ, ಬಟ್ಟೆ ಸೋಪು ತಾರಮ್ಮ!"

ಅರ್ಧ ಬಾರು ಸೋಪನ್ನು ಹಿಟ್ಟಿನಂತೆ ನಾದಿ, ಒಳಗಿಂದಲೂ ಹೊರಗಿಂದಲೂ ಮೂಲೆಗೆ ಮೆತ್ತಿದ. ಧಾರೆ ನಿಂತಿತು. ಕದಿರಪ್ಪನಿಗೆ ಚನ್ನರಾಯಪ್ಪನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ತನ್ನ ಇನ್ನೊಂದು ಕರಾಮತ್ತನ್ನೂ ಹೊರಗೆ ತಂದ.

ಅದು ಮೀನಿಗೆ ಗಾಳಿ ಊದುವ ಯಂತ್ರ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿದ ಒಂದು ಲಾರಿ ಟ್ಯೂಬು. ಅದಕ್ಕೆ ಆಸ್ಪತ್ರೆಯ ಕಾಂಪೌಂಡರು ಕೊಟ್ಟ ಗ್ಲೂಕೋಸ್ ಕೊಳವೆ. ಕೊಳವೆಯ ಚಕ್ರ ತಿರುಗಿಸಿದರೆ ನೀರಿನಲ್ಲಿ ಗುಳುಗುಳು ಗುಳ್ಳೆ ಬರುತ್ತದೆ. ಕದಿರಪ್ಪ ಚಕ್ರವನ್ನು ಎಳ್ಳಷ್ಟು ತಿರುಗಿಸಿದ. ಗುಳ್ಳೆ ಒಂದೊಂದಾಗಿ ಮೇಲೆದ್ದಿತು.

"ಭೇಷ್!" ಎಂದ ಚನ್ನರಾಯಪ್ಪ. "ಸ್ವಲ್ಪ ಸ್ಪೀಡ್ ಕೊಡಯ್ಯ." ತಾನೇ ಚಕ್ರವನ್ನು ಪೂರ್ತಿ ಬಿಚ್ಚಿ, ಸರಿಯಾಗಿ ನೋಡಲೆಂದು ಕೂರಲು ಜಾಗ ಹುಡುಕಿ, ಕಂಡ ಲಾರಿ ಟ್ಯೂಬಿನ ಮೇಲೆ ಆರಾಮಾಗಿ ಕೂತ.

ಅವನ ತೂಕವೆಲ್ಲ ಗಾಳಿಯಾಗಿ ಕೊಳವೆಯಲ್ಲಿ ನುಗ್ಗಿತು. ಸೋಪಿನ ನೀರು ಕುದಿಯುವ ಹಾಲಿನಂತೆ ಎದ್ದಿತು. ಬಿಳಿ ನೊರೆ ತೊಟ್ಟಿಯನ್ನು ಮೀರಿ, ಅದನ್ನಿಟ್ಟಿದ್ದ ಸ್ಟೂಲನ್ನು ಮುಳುಗಿಸಿ, ನಡುಮನೆಯನ್ನು ದಾಟಿ ಬಾಗಿಲ ಕಡೆ ಹೊರಟಿತು.

"ಅಯ್ಯಯ್ಯೋ, ಪೊಂಗಿಪೋಯಿಂದಿ! ಉಕ್ಕೋಯ್ತು!" ಬೈರಮ್ಮ ಸೀರೆ ಎತ್ತಿ ಹಿಡಿದು ಹೊಸಿಲಾಚೆ ಹಾರಿದಳು.

"ಎದ್ದೇಳಿ ಚನ್ನರಾಯಪ್ಪನೋರೇ! ಎದ್ದೇಳಿ!" ಕದಿರಪ್ಪ ಕಿರುಚಿದ. ಚನ್ನರಾಯಪ್ಪ ಎದ್ದ, ನೊರೆಯ ಮೇಲೆ ಕಾಲಿಟ್ಟ, ಮತ್ತೆ ಟ್ಯೂಬಿನ ಮೇಲೆಯೇ ದೊಪ್ಪೆಂದು ಕೂತ. ಉಳಿದಿದ್ದ ಗಾಳಿಯೂ ಹೋಯಿತು.

ಮೀನು ಇನ್ನೂ ಹಂಡೆಯಲ್ಲಿದ್ದವು, ಅದೊಂದು ಪುಣ್ಯ. ತೊಟ್ಟಿಯ ನೀರು ಚೆಲ್ಲಿ, ನೊರೆ ಬಳಿದು ಹಾಕುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತು. "ಬಾವಿಗೆ ಬಿಡಪ್ಪ," ಎಂದಳು ಬೈರಮ್ಮ, ನಿಜವಾದ ಕನಿಕರದಿಂದ. "ನಮ್ಮ ಆಮೆನೂ ಒಂಟಿಯಾಗೈತೆ."

ಆ ಮಾತು ಕೇಳಿ ಕದಿರಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಜಾರಿಗೆ ಓಡಿದ. ರಹಮತ್ತುಲ್ಲಾ ನಮಾಜು ಮುಗಿಸಿ ಆಗತಾನೆ ಊಟಕ್ಕೆ ಕೂತಿದ್ದವನು, ಕದಿರಪ್ಪನ ಮುಖ ನೋಡಿ ಕೈ ತೊಳೆದು ಎದ್ದುಬಂದ. ತೊಟ್ಟಿಯನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿದ.

"ಅರೇ ಸಾಬ್, ಈ ಮೂಲೆಗೆ ಮದ್ದೇ ಬಿಟ್ಟಿಲ್ಲ ನೀವು. ನಿದ್ದೆ ಬಂತಾ?"

ಕದಿರಪ್ಪ ಬೆಳಗ್ಗೆ ನೆಲಕ್ಕೊತ್ತಿದ್ದ ಕೆನ್ನೆಯನ್ನು ಉಜ್ಜಿಕೊಂಡ.

ರಹಮತ್ತುಲ್ಲಾ ಕಿಟಕಿ, ಬಾಗಿಲು ಎಲ್ಲ ತೆಗೆಸಿದ. ಪ್ಲಾಸ್ಟಿಕ್ಕಿನ ಚೂರುಗಳನ್ನೇ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಪಾಯಸದಂತೆ ಮಾಡಿ ಮೂಲೆಗೆ ತುಂಬಿದ. "ಎರಡು ಗಂಟೆ ಯಾರೂ ಮುಟ್ಬಾರ್ದು. ಖಾಸ್ ಆಗಿ ಡ್ರೈವರ್ ಸಾಬ್ ಮುಟ್ಬಾರ್ದು," ಎಂದು ಹೇಳಿ ಹೋದ.

ಎರಡು ಗಂಟೆ ಕದಿರಪ್ಪ ತೊಟ್ಟಿಯ ಪಕ್ಕದಿಂದ ಕದಲಲಿಲ್ಲ. ಅನಸೂಯಮ್ಮನಿಗೆ ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ಅವನನ್ನು ನೋಡಿ ನೋಡಿ ಇಳಿಯಿತು. ಮುದ್ದೆಯ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟಳು. ಮೂರೂವರೆಗೆ ತಾನೇ ಬಿಂದಿಗೆ ಎತ್ತಿಕೊಂಡಳು. "ನೀವು ಕೂತ್ಕೊಳ್ಳಿ, ನೀರು ನಾನು ತರ್ತೀನಿ. ಸೊಂಟ ಬಿದ್ದೋದೀತು."

ನಾಲ್ಕು ಗಂಟೆಗೆ ತೊಟ್ಟಿ ತುಂಬಿತು. ಒಂದು ಹನಿ ಸೋರಲಿಲ್ಲ. ಕದಿರಪ್ಪ ಎರಡೂ ಮೀನನ್ನು ಚೊಂಬಿನಲ್ಲಿ ತಂದು ಮೆಲ್ಲಗೆ ಬಿಟ್ಟ.

ಒಂದು ತಿಂಗಳು ಮೇಲಿನಿಂದ ಅವುಗಳ ಬೆನ್ನು ಮಾತ್ರ ನೋಡಿದ್ದ. ಇವತ್ತು ಮೊದಲ ಸಲ ಮುಖ ನೋಡಿದ. ಎರಡೂ ಪ್ಲಾಸ್ಟಿಕ್ಕಿಗೆ ಮೂತಿ ಒತ್ತಿ ಅವನನ್ನೇ ನೋಡಿದವು. ಅವನ ಎದೆ ತುಂಬಿಬಂತು. ಅನಸೂಯಮ್ಮನೂ ಬಗ್ಗಿದಳು. "ಅಯ್ಯೋ, ಇವಕ್ಕೆ ರೆಪ್ಪೇನೇ ಇಲ್ವಲ್ರೀ. ನಿದ್ದೆ ಹೆಂಗ್ ಮಾಡ್ತವೆ ಪಾಪ," ಎಂದಳು. ಆಮೇಲೆ ಹುಣಸೆಹಣ್ಣಿನಲ್ಲಿ ಹಂಡೆಯನ್ನು ಫಳಫಳ ತಿಕ್ಕಿ, ಒಲೆಯ ಮೇಲಿಟ್ಟು ಬೆಂಕಿ ಹಾಕಿದಳು.

ನಾಲ್ಕೂಮುಕ್ಕಾಲಿಗೆ ಭಾರತಮ್ಮ ಬಾಗಿಲಲ್ಲಿ ನಿಂತಳು. ಸೊಂಟದ ಮೇಲೆ ಮಡಕೆ, ಮಡಕೆಯ ಬಾಯಿಗೆ ಒದ್ದೆ ಬಟ್ಟೆ. ಹಂಡೆಯ ಕಡೆ ತಿರುಗಿಯೂ ನೋಡಲಿಲ್ಲ.

"ಎಲ್ಲಿ ಮೀನು?"

ಕದಿರಪ್ಪ ಬೆರಳು ಮಾಡಿ ತೋರಿಸಿದ. ಭಾರತಮ್ಮ ತೊಟ್ಟಿಯ ಮುಂದೆ ನಿಂತಳು. "ಏನೋ ಬರೆದೈತಲ್ಲ ಇದರ ಮೇಲೆ, ಏನದು?" ಎಂದಳು. ಆಕೆಗೆ ಓದು ಬಾರದು. ಹೊಸಿಲಲ್ಲೇ ನಿಂತಿದ್ದ ಚನ್ನರಾಯಪ್ಪ ಉತ್ಸಾಹದಿಂದ ಓದಿ ಹೇಳಿದ: "ಊಟ ಸಿದ್ಧವಿದೆ!"

"ಇದಾ ಊಟ?" ಭಾರತಮ್ಮನ ಕಣ್ಣಲ್ಲಿ ನೀರು ತುಂಬಿತು. "ಅಳಿಯಂದ್ರೇ, ಮೀನು ತಿನ್ನೋ ಆಸೆಗೆ ಹಂಡೇಲಿ ಬಿಟ್ಟು ಬೆಳೆಸ್ತಾವ್ರೆ ಅಂತ ಕಾಗದ ಓದಿಸ್ಕೊಂಡಾಗ್ಲೇ ನನ್ನ ಕರುಳು ಕಿತ್ತು ಬಂತು. ತಿಂಗಳು ಕಾದ್ರೂ ಬೆರಳುದ್ದ ಬೆಳೆದಿಲ್ವಲ್ಲ ಇವು! ನಾನಿರೋವಾಗ ನಿಮಗ್ಯಾಕೆ ಈ ಕರ್ಮ?"

ಕದಿರಪ್ಪ ಬಾಯಿ ತೆರೆಯುವುದರೊಳಗೆ ಆಕೆ ಮಡಕೆಯನ್ನು ತೊಟ್ಟಿಗೆ ಬಗ್ಗಿಸಿದಳು. ದಬದಬನೆ ಎರಡು ಕೊರಮೀನು ಬಿದ್ದವು, ಒಂದೊಂದೂ ಮೊಳದುದ್ದ, ಕಪ್ಪಗೆ, ಜೀವಂತ. ನೀರು ಸಿಕ್ಕಿದ್ದೇ ದೊಡ್ಡದು ಬಾಯಿ ತೆರೆದು ಕೆಂಪು ಮೀನಿನ ಕಡೆ ತಿರುಗಿತು.

ಕದಿರಪ್ಪ ಅಂಗಿಯ ಸಮೇತ ಭುಜದವರೆಗೆ ಕೈ ಇಳಿಸಿದ. ಅದೇನು ಹಿಡಿದನೋ, ಹೇಗೆ ಹಿಡಿದನೋ, ಎರಡು ಕೆಂಪು ಮೀನೂ ಬಿಂದಿಗೆಗೆ ಬಂದವು. ಬಿಂದಿಗೆಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ಏದುಸಿರು ಬಿಟ್ಟ.

"ಇರ್ಲಿ ಬಿಡಿ," ಎಂದು ಅನಸೂಯಮ್ಮ ಕಿವಿಯಲ್ಲಿ ಹೇಳಿದಳು. "ಇನ್ನೊಂದು ಗಂಟೇಲಿ ಅವು ಸಾರಾಗ್ತವೆ. ತೊಟ್ಟಿ ಮತ್ತೆ ನಿಮ್ದೇ."

ಅದೂ ನಿಜವೇ. ಕದಿರಪ್ಪನಿಗೆ ಜೀವ ಬಂತು. ಮಸಾಲೆ ಅರೆಯುವ ಸದ್ದು ಕೇಳಿಸಿತು. ಸಾರಿನ ಆಸೆಗೆ ಚನ್ನರಾಯಪ್ಪ, ಬೈರಮ್ಮ ಇಬ್ಬರೂ ಜಗಲಿಯ ಮೇಲೆ ಭದ್ರವಾಗಿ ಕೂತರು. ಭಾರತಮ್ಮ ಈಳಿಗೆಮಣೆ, ಮೀನು ಉಜ್ಜಲು ಬೂದಿ ಎಲ್ಲ ಇಟ್ಟುಕೊಂಡು, ಮೊದಲು ಯಾವುದನ್ನು ಹಿಡಿಯಲಿ ಎಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

ದೊಡ್ಡ ಮೀನು ಮುಂದೆ ಬಂದು ಆಕೆಯನ್ನು ನೋಡಿತು. ಆಕೆ ಈಕಡೆ ಸರಿದಳು, ಅದೂ ಈಕಡೆ ಬಂತು. ಆಕಡೆ ಸರಿದಳು, ಅದೂ ಆಕಡೆ ಬಂತು. ಬಾಯಿ ತೆರೆಯಿತು, ಮುಚ್ಚಿತು.

ಆಕೆ ಇನ್ನೂ ಹತ್ತಿರಕ್ಕೆ ಬಗ್ಗಿದಳು.

"ಅನಸೂಯಾ, ಬಾರೇ ಇಲ್ಲಿ. ಇದು ಯಾರ ತರ ಐತೆ ನೋಡೇ."

"ಯಾರಮ್ಮ?"

"ನಿಮ್ಮಪ್ಪ ಕಣೇ." ಭಾರತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಿಂಗೇ ನನ್ನ ಮುಂದೆ ಬಂದು ಏನೋ ಹೇಳೋಕೆ ಬಾಯಿ ತೆಗೆಯೋರು, ಹೇಳದಂಗೆ ಮುಚ್ಕೊಳ್ಳೋರು. ಹೋಗೋವರೆಗೂ ಹಂಗೇ. ಮೂವತ್ತು ವರ್ಷದಿಂದ ಮೀನು ಕೊಯ್ತಿದ್ದೀನಿ, ಒಂದರ ಮುಖಾನೂ ನೋಡಿರ್ಲಿಲ್ಲ ನಾನು. ಎಂಥಾ ಪೆಟ್ಟಿಗೆ ಮಾಡಿದ್ರಿ ಅಳಿಯಂದ್ರೇ! ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು." ಈಳಿಗೆಮಣೆಯನ್ನು ಪಕ್ಕಕ್ಕೆ ತಳ್ಳಿದಳು. "ಇವನ್ನ ಕೊಯ್ಯೋಕೆ ನನ್ನ ಕೈಲಾಗಲ್ಲ. ಇಲ್ಲೇ ಇರ್ಲಿ. ನಾನೂ ಒಂದಷ್ಟು ದಿನ ಇಲ್ಲೇ ಇದ್ದು ನೋಡ್ಕೋತೀನಿ."

ಜಗಲಿಯ ಮೇಲೆ ಚನ್ನರಾಯಪ್ಪ ನಿಟ್ಟುಸಿರು ಬಿಟ್ಟದ್ದು ಒಳಗೂ ಕೇಳಿಸಿತು.

"ಅತ್ತೆ," ಎಂದ ಕದಿರಪ್ಪ, ಬಿಂದಿಗೆ ಇನ್ನೂ ಎದೆಯ ಮೇಲೆಯೇ ಇತ್ತು. "ಮತ್ತೆ ನನ್ನ ಮೀನು?"

"ಅದಕ್ಕೇನಪ್ಪ ಯೋಚ್ನೆ?" ಭಾರತಮ್ಮ ತೊಟ್ಟಿಯಿಂದ ಕಣ್ಣು ಕೀಳದೆ ಹೇಳಿದಳು. "ಹಂಡೆ ಐತಲ್ಲ! ಅವಕ್ಕೂ ಅಭ್ಯಾಸ ಆಗಿರೋ ಜಾಗ. ನನ್ನ ಸ್ನಾನಕ್ಕೆ ಡಬ್ಬದಲ್ಲೇ ಎರಡು ಚೊಂಬು ಕಾಯಿಸ್ಲಿ ಅನಸೂಯ, ಸಾಕು."

ಅನಸೂಯಮ್ಮ ಗಂಡನ ಮುಖ ನೋಡಿದಳು. ಒಲೆಯ ಬೆಂಕಿ ಎಳೆದು, ಕಾದ ನೀರನ್ನು ಬಚ್ಚಲಿಗೆ ಚೆಲ್ಲಿ, ಹಂಡೆಗೆ ತಣ್ಣೀರು ತುಂಬಿದಳು. ಕದಿರಪ್ಪ ಮೀನನ್ನು ಬಿಟ್ಟು ಅಂಚನ್ನು ಎರಡು ಸಲ ತಟ್ಟಿದ. ಎರಡೂ ಮೇಲೆ ಬಂದವು. ಬೆನ್ನು ಮಾತ್ರ ಕಾಣಿಸಿತು.

"ಅಳಿಯಂದ್ರೇ!" ನಡುಮನೆಯಿಂದ ಭಾರತಮ್ಮ ಕೂಗಿದಳು. "ನಮ್ಮ ಯಜಮಾನ್ರಿಗೆ ಹಸಿವಾಗೈತೇನೋ, ಬಾಯಿ ಬಾಯಿ ಬಿಡ್ತಾವ್ರೆ. ಇವಕ್ಕೆ ಏನ್ ಹಾಕೋದು?"

"ಕಪ್ಪೆ!" ಜಗಲಿಯಿಂದ ಬೈರಮ್ಮ ಉತ್ತರ ಕೊಟ್ಟಳು. "ನಮ್ಮ ಬಾವೀಲಿ ಬೇಕಾದಷ್ಟವೆ. ದಿನಾ ಬೆಳಗ್ಗೆ ಸಂಜೆ ಇಳಿದು ಹಿಡ್ಕೋ ಕದಿರಪ್ಪ. ಆಮೆ ಇರೋ ಮೂಲೆಗೆ ಮಾತ್ರ ಕಾಲಿಡ್ಬೇಡ, ಕಚ್ತೈತೆ."

ಕದಿರಪ್ಪ ಒದ್ದೆ ಅಂಗಿಯನ್ನು ಹಿಂಡಿಕೊಂಡು, ಖಾಲಿ ಬಿಂದಿಗೆ ಹಿಡಿದು ಬಾವಿಯ ಕಡೆ ಹೊರಟ.