ಚನಮಲ್ಲಪ್ಪ ಮಾಸ್ತರರ ಕ್ಲಚ್ ದಿಗ್ವಿಜಯ

ಎಲೈ ಹತ್ತು ನಂಬರಿನ ಪಾನಾದೇವಿಯೇ, ತುಕ್ಕುಹಿಡಿದ ಬೋಲ್ಟುಗಳ ದರ್ಪವನ್ನಡಗಿಸುವವಳೇ, ಬೇಕಾದಾಗ ಮಾತ್ರ ಕಣ್ಣಿಗೆ ಬೀಳದ ಮಾಯಾವಿನಿಯೇ, ಕೆಲಹೊತ್ತು ಈ ಕಥಕನ ನಾಲಿಗೆಯ ಮೇಲೆ ನೆಲೆಸು! ಪೆಟ್ರೋಲು ಅಮೃತಕ್ಕಿಂತ ದುರ್ಲಭವಾದ ಈ ಕಲಿಯುಗದಲ್ಲಿ, ಗಜೇಂದ್ರಗಡದ ಸೀಮೆಯಲ್ಲಿ, ಒಂದೇ ಸೀಟಿ ಊದಿ ಇಡೀ ಶಾಲೆಯನ್ನು ಸಾಲುಗಟ್ಟಿಸುವ, ಶಿಲಾಕಂಟಕಕರ್ದಮವಿದಾರಣಪ್ರಚಂಡನೆನಿಸಿದ ಡ್ರಿಲ್ ಮಾಸ್ತರ ಚನಮಲ್ಲಪ್ಪನೆಂಬ ವೀರನಿದ್ದನು. ಗುಡ್ಡ ಹತ್ತುವ ಮೋಟರ್‌ಸೈಕಲ್ಲೇ ಅವನ ಪಟ್ಟದ ಕುದುರೆ.

ಅಂಥವನಿಗೂ ಒಂದು ಕಳಂಕವಿತ್ತು. ಎಮ್ಮಿಗುಡ್ಡದ ಏರಿನ ನಟ್ಟನಡುವೆ ಅವನ ಎಡಗೈ ಕ್ಲಚ್ಚನ್ನು ತುಸು ಬೇಗನೆ ಬಿಟ್ಟುಬಿಡುತ್ತಿತ್ತು. ಎಂಜಿನ್ನು ಗಕ್ಕನೆ ಬಂದಾಗುತ್ತಿತ್ತು. ಹಿಂದೆ ಬರುವ ಗೆಳೆಯ ರುದ್ರಗೌಡ ಪ್ರತಿಸಲವೂ ಪ್ರೀತಿಯಿಂದ ಕೇಳುತ್ತಿದ್ದನು: "ಮಾಸ್ತರ, ದೂಡ್ಲೇನ್ರಿ?"

ಆ ಪ್ರೀತಿಯೇ ವೀರನ ಹೊಟ್ಟೆಗೆ ಬೆಂಕಿ ಹಚ್ಚುತ್ತಿತ್ತು. ಕಳೆದ ಸಲ ಅವನ ತರಚಿದ ಮೊಣಕಾಲಿಗೆ ಅರಿಷಿಣ ಹಚ್ಚುತ್ತ ಹೆಂಡತಿ ಶಂಕ್ರಮ್ಮ, "ಇನ್ನೊಮ್ಮೆ ಏರಿನ್ಯಾಗ ಬಂದ್ ಬಿತ್ತಂದ್ರ ಆ ಗಾಡಿ ಮಾರಿಬಿಡ್ರಿ" ಎಂದಳು. ಅವನು ಆಣೆಯಿಟ್ಟನು. ಇಟ್ಟ ಮರುಗಳಿಗೆಯಿಂದ ಅವನಿಗೆ ನಿದ್ದೆಯಿಲ್ಲ.

ಕಡೆಗೆ ದೂರದೇಶದಿಂದ ಆಟೋಮ್ಯಾಟಿಕ್ ಕ್ಲಚ್ ಎಂಬ ದಿವ್ಯಾಸ್ತ್ರವು ಬಂದಿಳಿಯಿತು. ಎಂಜಿನ್ನಿನ ವೇಗ ಏರಿದರೆ ಅದು ತಾನೇ ಹಿಡಿಯುವುದು, ಇಳಿದರೆ ತಾನೇ ಬಿಡುವುದು. ಸವಾರನ ಎಡಗೈಗೆ ಕೆಲಸವೇ ಇಲ್ಲ. ಮಾಸ್ತರನು ಎಣ್ಣೆ ಚೆಲ್ಲದಂತೆ ಗಾಡಿಯನ್ನು ಗೋಣಿಚೀಲದ ಮೇಲೆ ಎಡಮಗ್ಗುಲಾಗಿ ಮಲಗಿಸಿ, ಎಂಜಿನ್ನಿನ ಮುಚ್ಚಳವೆಂಬ ಕೋಟೆಬಾಗಿಲನ್ನು ತೆರೆದು, ಹಳೆಯ ಪ್ಲೇಟುಗಳನ್ನು ಸೆರೆಯಾಳುಗಳಂತೆ ಹೊರಗೆಳೆದನು. ಹಿಂದೊಮ್ಮೆ ದೊಡ್ಡಾಟದಲ್ಲಿ ಭೀಮನಾಗಿ ಮೆರೆದ ಗಂಟಲು ತಾನಾಗಿ ತೆರೆಯಿತು:

"ಎಲವೋ ಎಮ್ಮಿಗುಡ್ಡವೇ! ಕೇಳು! ಇಂದಿಗೆ ಈ ವಾಮಹಸ್ತದ ದಾಸ್ಯವು ತೀರಿತು! ನಾಳೆ ನಿನ್ನ ನೆತ್ತಿಯ ಮೇಲೆ..."

"ಭೀಮಸೇನರ," ಎಂದಳು ಬಾಗಿಲಲ್ಲಿ ನಿಂತ ಶಂಕ್ರಮ್ಮ, "ಹಿಟ್ಟ ನಾದೂ ಪರಾತ ಎಲ್ಲೈತ್ರಿ?"

ಪರಾತವು ವೀರನ ಮಗ್ಗುಲಲ್ಲೇ ಇತ್ತು. ಅದರ ತುಂಬ ಎಂಜಿನ್ ಆಯಿಲ್ಲು. ಆಯಿಲ್ಲಿನಲ್ಲಿ ಹೊಸ ಪ್ಲೇಟುಗಳು ತಣ್ಣಗೆ ಮುಳುಗಿದ್ದವು.

"ಜೋಡಿಸೂಕಿಂತ ಮುಂಚೆ ನೆನೀಬೇಕ ಅವು. ಒಂದೀಟ ತಡಿ."

"ನಿಮ್ಮ ಹೊಟ್ಟೀಗೂ ಅದನ್ನ ಹಾಕ್ಲೇನು?"

ಆ ರಾತ್ರಿ ಮನೆಯಲ್ಲಿ ರೊಟ್ಟಿ ಬಡಿಯಲಿಲ್ಲ. ವೀರನು ಒಗ್ಗರಣೆ ಚುರುಮುರಿ ತಿಂದು ಮಲಗಿದನು.

ಮರುದಿನ ರವಿವಾರ. ಆಣೆಗೆ ಸಾಕ್ಷಿಯಾಗಿ ಶಂಕ್ರಮ್ಮ ಬುತ್ತಿಗಂಟಿನೊಡನೆ ಗುಡ್ಡದ ಬುಡದಲ್ಲಿ ಕುಳಿತಳು. ರುದ್ರಗೌಡ ಮೊದಲೇ ಮೇಲೇರಿ ಕಾದಿದ್ದನು. ಮಾಸ್ತರನು ಏರಿದನು! ಕಲ್ಲು ಜಾರಿತು, ಗಾಲಿ ಕುಣಿಯಿತು, ಎಡಗೈ ಹಳೆಯ ಚಟಕ್ಕೆ ಗಾಳಿಯನ್ನೇ ಹಿಚುಕಿತು. ಎಂಜಿನ್ನು ಮಾತ್ರ ಬಂದಾಗಲಿಲ್ಲ. ನೆತ್ತಿ ಮುಟ್ಟಿದಾಗ ಅವನ ಕಣ್ಣು ನಿಜಕ್ಕೂ ತುಂಬಿತು.

"ಭಾರಿ ಆತ್ರಿ ಮಾಸ್ತರ!" ಎಂದನು ರುದ್ರಗೌಡ.

ವೀರನು ಗಾಡಿಯನ್ನು ಊರ ಕಡೆ ಮುಖಮಾಡಿ ತಿರುಗಿಸಿ, ಇಳಿಜಾರಿನಲ್ಲಿ ಎಲ್ಲರೂ ಮಾಡುವಂತೆ ಗೇರಿನಲ್ಲೇ ಬಿಟ್ಟು, ಎಂಜಿನ್ನು ಆರಿಸಿ, ಸ್ಟ್ಯಾಂಡು ಹಾಕಿ, ಸೊಂಟದ ಮೇಲೆ ಕೈಯಿಟ್ಟು ದಿಕ್ಕುಗಳನ್ನು ನೋಡುತ್ತ ನಿಂತನು. ಎಂಜಿನ್ನು ಆರಿದೊಡನೆ ದಿವ್ಯಾಸ್ತ್ರವೂ ಹಿಡಿತ ಬಿಡುವುದು, ಆಮೇಲೆ ಗೇರಿದ್ದರೂ ಗಾಲಿಗೆ ತಡೆಯಿಲ್ಲ ಎಂಬುದು ದಿಗ್ವಿಜಯದ ಭರದಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಗಾಡಿ ಮೆಲ್ಲಗೆ ಅಲುಗಿತು. ಸ್ಟ್ಯಾಂಡು ಮಡಚಿಕೊಂಡಿತು. ಸವಾರನಿಲ್ಲದ ಕುದುರೆ ಬಂದ ದಾರಿಯಲ್ಲೇ ದಡದಡನೆ ಇಳಿದು, ಶಂಕ್ರಮ್ಮನ ಬುತ್ತಿಗಂಟಿನಿಂದ ಮಾರು ದೂರದ ಜಾಲಿಕಂಟಿಯೊಳಗೆ ನುಗ್ಗಿ ಮಲಗಿತು.

ಮಾಸ್ತರನು ಏದುಸಿರು ಬಿಡುತ್ತ ಕೆಳಗೆ ಬಂದು, ಕಂಟಿಯೊಳಗೆ ಕೈಹಾಕಿ ಗಾಡಿಯನ್ನು ಜಗ್ಗಿದನು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಏರಿನ್ಯಾಗ ಬಂದ್ ಬೀಳಲಿಲ್ಲ, ನಾ ನೋಡೀನಿ," ಎಂದಳು ಅವಳು. "ಗಾಡಿ ಇರ್ಲಿ. ಪರಾತ ಮಾತ್ರ ನೀವ ತಿಕ್ಕಬೇಕು."

ಹಿಂದೆಯೇ ಓಡಿಬಂದ ರುದ್ರಗೌಡ ಕಂಟಿಯನ್ನೂ ಗಾಡಿಯನ್ನೂ ನೋಡಿ ಪ್ರೀತಿಯಿಂದ ಕೇಳಿದನು:

"ಮಾಸ್ತರ, ದೂಡ್ಲೇನ್ರಿ?"

"ದೂಡಪಾ," ಎಂದನು ಶಿಲಾಕಂಟಕಕರ್ದಮವಿದಾರಣಪ್ರಚಂಡನು, ಅಂಗೈಯ ಮುಳ್ಳು ಕೀಳುತ್ತ.

ಆ ಸಂಜೆ ಗಾಡಿ ಅಂಗಳದಲ್ಲಿ ನಿಂತಿತ್ತು, ಗಾಲಿಗೆ ಅರ್ಧ ಇಟ್ಟಿಗೆ ಆನಿಸಿಕೊಂಡು. ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಮಾಸ್ತರನು ಬೂದಿ ಹಚ್ಚಿ ಪರಾತ ತಿಕ್ಕುತ್ತಿದ್ದನು. ಆಯಿಲ್ಲಿನ ವಾಸನೆ ಇನ್ನೂ ಹೋಗಿರಲಿಲ್ಲ.