‘ಉಳಿದದ್ದು’ ಎಂಬ ಕಾಲಂ

ಮೆದುಳಿನ ಮಾರಕ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ಬದುಕುಳಿಯಲು ಕಾರಣವಾಗುವ ಅಂಶಗಳನ್ನು ಪತ್ತೆ ಮಾಡಲು ನಮ್ಮ ಆಸ್ಪತ್ರೆ ನೇಮಿಸಿದ ಸಮಿತಿಯು ಒಂದೇ ಮಧ್ಯಾಹ್ನದಲ್ಲಿ ತನ್ನ ಕೆಲಸವನ್ನು ಯಶಸ್ವಿಯಾಗಿ ಮುಗಿಸಿತು ಎಂದು ದಾಖಲಿಸಲು, ದಾಖಲೆ ಕೋಣೆಯ ಗುಮಾಸ್ತನಾದ ನನಗೆ ಹೆಮ್ಮೆಯೆನಿಸಬೇಕು.

ಸಮಿತಿಯ ಮುಂದಿದ್ದದ್ದು ನಾನೇ ಗೆರೆ ಎಳೆದ ರಿಜಿಸ್ಟರು. ಗಡ್ಡೆ ತೆಗೆದ ಮೇಲೆ ತಲೆಯೊಳಗೆ ಇನ್ನೂ ಶೇಕಡಾ ಎಷ್ಟು ಗಡ್ಡೆ ಉಳಿದಿದೆ ಎಂಬುದನ್ನು ಡಾಕ್ಟರುಗಳು ಸ್ಕ್ಯಾನ್ ನೋಡಿ ಅದರ ಕೊನೆಯ ಕಾಲಮ್ಮಿನಲ್ಲಿ ಬರೆಯುತ್ತಾರೆ. ಜಾಗ ಸಾಲದೆ ನಾನು ತಲೆಬರಹವನ್ನು ‘ಉಳಿದದ್ದು’ ಎಂದಷ್ಟೇ ಬರೆದಿದ್ದೆ. ಸಮಿತಿಯ ಅಧ್ಯಕ್ಷರೋ, ಇಪ್ಪತ್ತು ವರ್ಷ ಉಗ್ರಾಣ ನೋಡಿಕೊಂಡವರು. ಉಗ್ರಾಣದಲ್ಲಿ ಉಳಿದದ್ದು ಹೆಚ್ಚಿದ್ದಷ್ಟೂ ಒಳ್ಳೆಯದು. ಸೊನ್ನೆ ಎಂದರೆ ಯಾರೋ ಕೈಚಳಕ ತೋರಿಸಿದ್ದಾರೆ ಎಂದರ್ಥ.

ದೊಡ್ಡ ಡಾಕ್ಟರಮ್ಮನ ಹೆಸರಿನೆದುರು ಸಾಲು ಸೊನ್ನೆಗಳಿದ್ದವು. ಬೇಗ ಕೈತೊಳೆದುಕೊಂಡು ಮನೆಗೆ ಹೊರಡುವ, ಎಲ್ಲರೂ ‘ಅವಸರದ ಡಾಕ್ಟರು’ ಎನ್ನುವವರ ಎದುರು ಅರವತ್ತು, ಎಪ್ಪತ್ತು. ಡಾಕ್ಟರಮ್ಮನಿಗೆ ನೋಟಿಸು ಹೋಯಿತು: ‘ನೀವು ಮುಟ್ಟಿದವರಲ್ಲಿ ಒಬ್ಬರೂ ಉಳಿಯದಿರಲು ಕಾರಣವೇನು?’

ಅವರು ಅಧ್ಯಕ್ಷರ ಬಳಿಗೆ ಓಡಿ ಬಂದರು.

“ಸಾರ್, ಅದು ಉಳಿದ ಗಡ್ಡೆ! ಗಡ್ಡೆ ಎಷ್ಟು ಕಮ್ಮಿ ಉಳಿಯುತ್ತೋ ರೋಗಿ ಅಷ್ಟು ಹೆಚ್ಚು ದಿನ ಬದುಕ್ತಾರೆ. ನನ್ನ ರೋಗಿಗಳು ಹೊರಗೆ ಬೆಂಚಿನ ಮೇಲೇ ಕೂತಿದ್ದಾರೆ, ನೋಡಿ.”

“ಬೆಂಚಿನ ಮೇಲೆ ಕೂತೋರು ದಾಖಲೆ ಅಲ್ಲಮ್ಮ.”

“ಜನ ಆಗಿದ್ರೆ ‘ಉಳಿದವರು’ ಅಂತಿರ್ತಿತ್ತಲ್ವಾ? ‘ಉಳಿದದ್ದು’ ನಪುಂಸಕಲಿಂಗ!”

“ಫೈಲಿಗೆ ಬಂದ ಮೇಲೆ ಎಲ್ಲರೂ ನಪುಂಸಕಲಿಂಗಾನೇ,” ಎಂದರು ಅಧ್ಯಕ್ಷರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ರಿಜಿಸ್ಟರನ್ನು ಮುಚ್ಚಿ ಎತ್ತಿಕೊಂಡು ನನ್ನ ಕೋಣೆಗೆ ಹೊರಟೆ.

ಮರುದಿನ ಬಾಗಿಲಲ್ಲಿ ಬೋರ್ಡು ಬಂತು: ‘ಸಾರ್ವಜನಿಕರ ಗಮನಕ್ಕೆ. ಉಳಿದದ್ದು: ಅವಸರದ ಡಾಕ್ಟರು, ಶೇಕಡಾ ಅರವತ್ತೈದು; ದೊಡ್ಡ ಡಾಕ್ಟರಮ್ಮ, ಸೊನ್ನೆ. ನೋಡಿ ಆರಿಸಿಕೊಳ್ಳತಕ್ಕದ್ದು.’ ಅಡ್ಡಹೆಸರುಗಳನ್ನೂ ಸಮಿತಿಯೇ ಅಧಿಕೃತಗೊಳಿಸಿತ್ತು.

ಗುರುವಾರ ಡಾಕ್ಟರಮ್ಮನ ಕೈಯಲ್ಲಿ ಒಬ್ಬ ಟೈಲರಮ್ಮನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಗಡಿಯಾರ ರಿಪೇರಿ ಮಾಡುವ ಅವರ ಗಂಡ ಬೋರ್ಡು ಓದಿ, ಡಾಕ್ಟರನ್ನು ಬದಲಿಸಲೇಬೇಕೆಂದು ಹಟ ಹಿಡಿದರು.

“ರೀ, ಆ ಡಾಕ್ಟರಮ್ಮನೇ ಇರ್ಲಿ,” ಎಂದರು ಟೈಲರಮ್ಮ. “ಒಂದೆಳೇನೂ ಬಿಡದೆ ತೆಗೀತೀನಿ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ದಾರೆ.”

“ಅವ್ರ ಕೈಲಿ ಒಬ್ರೂ ಉಳಿದಿಲ್ವಂತೆ ಕಣೇ. ನೀನು ಉಳಿದ್ರೆ ಸಾಕು ನಂಗೆ.” ನನ್ನ ಕಿಟಕಿಗೆ ಬಗ್ಗಿ ಕೇಳಿದರು: “ನೀವೇ ಹೇಳಿ ಸಾರ್, ಬೋರ್ಡು ಸರಿ ಇದ್ಯಾ?”

“ರಿಜಿಸ್ಟರಿನಲ್ಲಿ ಇದ್ದ ಹಾಗೇ ಇದೆ,” ಎಂದೆ.

ಅಕ್ಷರಶಃ ನಿಜವಾದ ಮಾತು. ಅದನ್ನು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗುರುವಾರ ಅವಸರದ ಡಾಕ್ಟರು ಕತ್ತರಿ ಹಿಡಿದರು. ಹನ್ನೊಂದಕ್ಕೆಲ್ಲ ಮುಗಿಸಿ ಹೊರಬಂದರು. ಉಳಿದದ್ದು: ಎಪ್ಪತ್ತು. ಗಡಿಯಾರದವರು ಸಿಕ್ಕಸಿಕ್ಕವರಿಗೆಲ್ಲ ಆ ಅಂಕಿ ಹೇಳಿಕೊಂಡು ತಿರುಗಿದರು. ಎರಡು ತಿಂಗಳ ಮೇಲಿನ ಸ್ಕ್ಯಾನಿನಲ್ಲಿ ಅದು ತೊಂಬತ್ತಾಯಿತು. ಅಷ್ಟರಲ್ಲಿ ಟೈಲರಮ್ಮನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಗಡ್ಡೆ ಮೊದಲಿದ್ದುದಕ್ಕಿಂತ ದೊಡ್ಡದಾಯಿತು. ಉಳಿದದ್ದು: ನೂರಿಪ್ಪತ್ತು. ಶೇಕಡಾ ನೂರನ್ನು ದಾಟಿ ಉಳಿದ ಪ್ರಥಮ ರೋಗಿ ಎಂದು ಅಧ್ಯಕ್ಷರು ಪ್ರಕಟಣೆ ಹೊರಡಿಸಿ, ಸಮಾರಂಭ ಏರ್ಪಡಿಸಿದರು.

ಗಡಿಯಾರದವರು ಒಬ್ಬರೇ ಬಂದರು.

“ಎಲ್ರೀ ನಿಮ್ಮ ಮನೆಯವರು?” ಎಂದರು ಅಧ್ಯಕ್ಷರು.

“ಹೋದ ಸೋಮವಾರ ತೀರ್ಕೊಂಡ್ಳು ಸಾರ್.”

ಅಧ್ಯಕ್ಷರು ರಿಜಿಸ್ಟರಿನ ಕಾಲಮ್ಮುಗಳ ಮೇಲೆಲ್ಲ ಬೆರಳಾಡಿಸಿದರು. “ಅದಕ್ಕೆ ಇಲ್ಲಿ ಕಾಲಂ ಇಲ್ಲ,” ಎಂದರು. ಸಭೆ ತಲೆದೂಗಿತು. ಚಪ್ಪಾಳೆ ಕಡ್ಡಾಯವಾಗಿದ್ದರಿಂದ ದೊಡ್ಡ ಡಾಕ್ಟರಮ್ಮನೂ ತಟ್ಟಿದರು, ನಾನೂ ತಟ್ಟಿದೆ.

ಗಡಿಯಾರದವರು ಪ್ರಶಂಸಾಪತ್ರವನ್ನು ಎರಡು ಸಲ ಓದಿ, ಅವಸರದ ಡಾಕ್ಟರಿಗೆ ಕೈಮುಗಿದರು.

“ನೀವು ನೂರಿಪ್ಪತ್ತು ಉಳಿಸಿಕೊಟ್ರಿ ಸಾರ್. ನಮ್ಮ ಹಣೆಬರಹಾನೇ ಸರಿ ಇರ್ಲಿಲ್ಲ.”